ಕರ್ನಾಟಕ ಅಂದರೆ ಯಾವ ಮಣ್ಣು?

ನವೆಂಬರ್ ಬಂತೆಂದರೆ ಸ್ಟೇಟಸ್ ತುಂಬ ಹಳದಿ-ಕೆಂಪು. "ಕರುನಾಡು ಅಂದ್ರೆ ಕಪ್ಪು ಮಣ್ಣಿನ ನಾಡು" ಅಂತ ಒಬ್ಬರು, "ಅಲ್ಲ, ಎತ್ತರದ ನಾಡು" ಅಂತ ಇನ್ನೊಬ್ಬರು. ವಿದ್ವಾಂಸರು ಎರಡೂ ಅರ್ಥ ಹೇಳಿದ್ದಾರೆ, ಜಗಳ ಮುಗಿದಿಲ್ಲ. ಉಡುಪಿ, ಕಾಪು, ಕಾರ್ಕಳದವರಿಗೆ ಎರಡೂ ಹೊಂದುವುದಿಲ್ಲ ಮಾರಾಯ್ರೆ. ನಮ್ಮದು ಮುರಕಲ್ಲಿನ ಕೆಂಪು ಮಣ್ಣು. ಎತ್ತರ ಅಂತೀರಾ, ಕಾಪು ಲೈಟ್‌ಹೌಸ್ ಹತ್ತಿದರೆ ಮಾತ್ರ.

ಹೆಸರು ಹಳೆಯದು, ಅದರಲ್ಲಿ ಅನುಮಾನ ಇಲ್ಲ. ಮಹಾಭಾರತದಲ್ಲಿ ಕರ್ಣಾಟ ಉಂಟು. 9ನೇ ಶತಮಾನದ ಕವಿರಾಜಮಾರ್ಗ ಕಾವೇರಿಯಿಂದ ಗೋದಾವರಿವರೆಗೆ ಕನ್ನಡ ನಾಡಿನ ಗಡಿ ಹೇಳುತ್ತದೆ. ವಿಜಯನಗರದವರದು ಕರ್ಣಾಟ ಸಾಮ್ರಾಜ್ಯ. ತಮಾಷೆ ಏನೆಂದರೆ, ಬ್ರಿಟಿಷರು ಅದೇ ಹೆಸರನ್ನು 'ಕರ್ನಾಟಿಕ್' ಮಾಡಿ ಆರ್ಕಾಟ್ ನವಾಬನ ತಮಿಳು ಸೀಮೆಗೆ ಅಂಟಿಸಿದರು. ನಮ್ಮ ಕರಾವಳಿಗೆ ಪೋರ್ಚುಗೀಸರ ಬಾಯಲ್ಲಿ ಸಿಕ್ಕಿದ್ದು 'ಕೆನರಾ', ಅದೂ ಕನ್ನಡದಿಂದಲೇ ಹುಟ್ಟಿದ್ದು. ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ ಹುಟ್ಟಿದಾಗ ಅದರ ಹೆಸರಲ್ಲೂ ಕೆನರಾ ಇತ್ತು. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲೇ ಲೀನವಾಗಿ, ಆ ಹೆಸರು ಮಣಿಪಾಲಕ್ಕೆ ವಾಪಸ್ ಬಂತು.

1956ರ ನವೆಂಬರ್ 1ರಂದು ಮದ್ರಾಸು ಬಿಟ್ಟು ನಾವು ಸೇರಿದ್ದು ಮೈಸೂರು ರಾಜ್ಯಕ್ಕೆ. ಕಾಸರಗೋಡು ಕೇರಳಕ್ಕೆ ಹೋಯಿತು. ಅರಸರ ಸಂಸ್ಥಾನದ ಹೆಸರು ನಮಗೇಕೆ ಅಂತ ಉತ್ತರ ಕರ್ನಾಟಕದವರು ತಕರಾರು ಮಾಡುತ್ತಲೇ ಇದ್ದರು, ನ್ಯಾಯವೇ. ಜೀವಮಾನವಿಡೀ ಕರ್ನಾಟಕ ಅಂತ ದುಡಿದ ಆಲೂರು ವೆಂಕಟರಾಯರು 1964ರಲ್ಲಿ ತೀರಿಕೊಂಡರು, ಆಗಲೂ ರಾಜ್ಯದ ಹೆಸರು ಮೈಸೂರೇ. ದೇವರಾಜ ಅರಸರ ಕಾಲದಲ್ಲಿ, 1973ರ ನವೆಂಬರ್ 1ಕ್ಕೆ 'ಕರ್ನಾಟಕ' ಜಾರಿಗೆ ಬಂತು. ಹೆಸರು ಬದಲಾದದ್ದು ಸಂವಿಧಾನದ 3ನೇ ವಿಧಿಯ ಅಧಿಕಾರದಲ್ಲಿ ಸಂಸತ್ತು ಮಾಡಿದ ಕಾಯ್ದೆಯಿಂದ. ತಾಯಿ ಭುವನೇಶ್ವರಿಯ ಫೋಟೋ ಹಾಕುವವರು ಪಕ್ಕದಲ್ಲಿ ಬಾಬಾಸಾಹೇಬರ ಫೋಟೋ ಯಾಕೆ ಹಾಕುವುದಿಲ್ಲ ಅಂತ ನನಗೆ ಪ್ರತಿ ವರ್ಷ ಅನಿಸುತ್ತದೆ.

ಆ ಬಾಬಾಸಾಹೇಬರೇ 1955ರಲ್ಲಿ ಭಾಷಾವಾರು ರಾಜ್ಯಗಳ ಬಗ್ಗೆ ಬರೆಯುತ್ತಾ ಎಚ್ಚರಿಸಿದ್ದರು: ಒಂದು ಭಾಷೆಯ ಸೀಮೆಯಲ್ಲಿ ಒಂದು ದೊಡ್ಡ ಜಾತಿ ಮೇಲೇರುತ್ತದೆ, ಚದುರಿ ಹೋಗಿರುವ ಸಣ್ಣ ಜಾತಿಗಳು ಅದರ ಮರ್ಜಿಯಲ್ಲಿ ಬದುಕಬೇಕಾಗುತ್ತದೆ. ಅದು ಎಷ್ಟು ಸರಿ ಅಂತ ಹೊಸ ಹೆಸರು ಬಂದ ತಿಂಗಳೇ ತೋರಿಸಿತು. ಅದೇ 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ಮನುಷ್ಯ ಅವರು. ಬೀದಿಗಳಲ್ಲಿ ಗಲಭೆ ಆಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ ಆಯಿತು, ಬಸವಲಿಂಗಪ್ಪ ಕುರ್ಚಿ ಬಿಟ್ಟರು. ಆ ಮಾತು ಹೊರಟಾಗ ಕರ್ನಾಟಕಕ್ಕೆ ಇನ್ನೂ ಹುಟ್ಟಿದ ತಿಂಗಳು ತುಂಬಿರಲಿಲ್ಲ. ದಲಿತ ಸಂಘರ್ಷ ಸಮಿತಿ ಬೆಳೆದದ್ದು ಆ ಸಿಟ್ಟಿನ ನೆಲದಲ್ಲೇ.

ಹಾಗಾದರೆ ಈ ಹೆಸರು ನಮ್ಮದಲ್ಲವಾ? ನಾನು ಗುಮಾಸ್ತ, ಕಡತದ ಭಾಷೆಯಲ್ಲೇ ಹೇಳುತ್ತೇನೆ. 1973ರಲ್ಲಿ ಹಳೆ ಕಾಯ್ದೆಗಳಲ್ಲಿದ್ದ 'ಮೈಸೂರು' ಅಳಿಸಿ 'ಕರ್ನಾಟಕ' ಬರೆದರು. ಅದಕ್ಕೇ 'ಕರ್ನಾಟಕ ಭೂ ಸುಧಾರಣಾ ಕಾಯ್ದೆ, 1961' ಅಂತ ಓದುತ್ತೇವೆ, ರಾಜ್ಯಕ್ಕೆ ಆ ಹೆಸರು ಬರುವ 12 ವರ್ಷ ಮೊದಲಿನ ಇಸವಿ! 1974ರ ತಿದ್ದುಪಡಿ ಬಂದಾಗ ನಮ್ಮ ಜಿಲ್ಲೆಯಲ್ಲಿ ಚಾಲಗೇಣಿ ಒಕ್ಕಲುಗಳಿಗೆ ಭೂಮಿ ಸಿಕ್ಕಿತು. ಒಳ್ಳೆಯದೇ. ಆದರೆ ಅದೇ ಗದ್ದೆಯಲ್ಲಿ ತಲೆಮಾರುಗಟ್ಟಲೆ ಬಗ್ಗಿದ ಮೂಲದಾಳುಗಳ ಕೈಯಲ್ಲಿ ಗೇಣಿ ಚೀಟಿ ಎಲ್ಲಿತ್ತು? ಕೂಲಿಯಾಳಿಗೆ ಮನೆಯಡಿ ಜಾಗಕ್ಕಷ್ಟೇ ದಾರಿ ಇತ್ತು. ನಮ್ಮವರ ಮಂಜೂರಾತಿ ಜಮೀನು ಪರರ ಪಾಲಾಗದಂತೆ 1978ರ ಪಿಟಿಸಿಎಲ್ ಕಾಯ್ದೆ ಬಂತು. ಕೊರಗರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವ ಅಜಲು ನಿಷೇಧಕ್ಕೆ 2000ದ ಕಾಯ್ದೆ ಬಂತು. ಎರಡರ ಹೆಸರೂ ಶುರುವಾಗುವುದು 'ಕರ್ನಾಟಕ' ಅಂತ. ಆ ಶಬ್ದಕ್ಕೆ ನಾನು ಕಂಡ ಅತ್ಯುತ್ತಮ ಅರ್ಥ ಅಲ್ಲಿದೆ.

ಇನ್ನೊಂದು ಹೆಸರು ಮಾತ್ರ ಮದ್ರಾಸಿನ ಕಾಲದಿಂದ ಹಾಗೆಯೇ ಉಳಿದಿದೆ: ಡಿ.ಸಿ. ಮನ್ನಾ. ಇದು ಜಿಲ್ಲಾಧಿಕಾರಿಯ ಜಾಗ ಅಂತ ಎಷ್ಟೋ ಜನ ತಿಳಿದಿದ್ದಾರೆ, ನಮ್ಮ ಹುಡುಗರೂ ಸಹ. ಅಲ್ಲ ಸ್ವಾಮಿ, ಡಿ.ಸಿ. ಅಂದರೆ ಡಿಪ್ರೆಸ್ಡ್ ಕ್ಲಾಸಸ್. ಶೋಷಿತ ಜಾತಿಗಳಿಗೆ ಅಂತಲೇ ತೆಗೆದಿಟ್ಟ ಭೂಮಿ. ಎರಡಕ್ಷರದ ಅರ್ಥ ಮರೆತದ್ದಕ್ಕೆ ಒತ್ತುವರಿ ಮಾಡಿದವರಿಗೆ ಎಷ್ಟು ಅನುಕೂಲ ಆಯಿತು ನೋಡಿ. ಈ ನವೆಂಬರ್‌ನಲ್ಲಿ ಬಾವುಟ ಹಿಡಿಯುವವರು ಹಿಡಿಯಲಿ. ನೀವು ನಿಮ್ಮ ಗ್ರಾಮದ ಡಿ.ಸಿ. ಮನ್ನಾ ಸರ್ವೆ ನಂಬರ್‌ಗಳ ಪಟ್ಟಿ ಕೊಡಿ ಅಂತ ತಾಲೂಕು ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಅರ್ಜಿಯ ನಮೂನೆ ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ, ಕಳಿಸುತ್ತೇನೆ.