ಮೂಲವ್ಯಾಧಿ: ನಾಚಿಕೆಯಿಂದ ಮುಚ್ಚಿಡುವ ಕಾಯಿಲೆ

ಮೂಲವ್ಯಾಧಿ, ಮೊಳೆರೋಗ, ಪೈಲ್ಸ್ - ಹೆಸರು ಯಾವುದಿದ್ದರೂ ಈ ಕಾಯಿಲೆಯ ಬಗ್ಗೆ ಬಾಯಿಬಿಡುವವರು ಕಡಿಮೆ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ವಿಷಯವನ್ನು ಚರ್ಚ್ ಅಂಗಳದಲ್ಲೇ ಮಾತನಾಡುವವರು ಇದನ್ನು ಮನೆಯವರಿಂದಲೂ ಮುಚ್ಚಿಡುತ್ತಾರೆ. ಶೌಚದಲ್ಲಿ ರಕ್ತ ಕಂಡರೆ "ಉಷ್ಣವಾಗಿದೆ" ಎಂದು ಎರಡು ದಿನ ಎಳನೀರು ಕುಡಿದು ಸುಮ್ಮನಾಗುತ್ತಾರೆ. ರಕ್ತ ಬಿದ್ದದ್ದೆಲ್ಲ ಮೂಲವ್ಯಾಧಿ ಅಲ್ಲ. ಇದನ್ನು ತಿಳಿಯದಿರುವುದೇ ಅಪಾಯ.

ಗುದನಾಳದ ಒಳಗೋಡೆಯಲ್ಲಿ ರಕ್ತನಾಳಗಳಿಂದ ಕೂಡಿದ ಮೆತ್ತನೆಯ ದಿಂಬುಗಳಂಥ ಭಾಗಗಳು ಎಲ್ಲರಲ್ಲೂ ಇರುತ್ತವೆ. ಮಲ, ವಾಯುವನ್ನು ತಡೆದು ಹಿಡಿಯಲು ಅವು ಸಹಾಯ ಮಾಡುತ್ತವೆ. ಅವು ಊದಿಕೊಂಡು ಕೆಳಗೆ ಜಾರಿದಾಗ ಅದೇ ಮೂಲವ್ಯಾಧಿ. ಒಳಗಿನ ಮೊಳೆಗಳಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ, ಕೆಂಪು ರಕ್ತ ಮಾತ್ರ ಹೋಗುತ್ತದೆ. ಹೊರಗಿನ ಮೊಳೆಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಕೂರಲಾರದಷ್ಟು ನೋವು ಬರುತ್ತದೆ. ಆಗ ಮೂರು ದಿನಗಳೊಳಗೆ ವೈದ್ಯರ ಬಳಿ ಹೋದರೆ ಚಿಕ್ಕ ಶಸ್ತ್ರಕ್ರಿಯೆಯಿಂದ ಬೇಗ ಉಪಶಮನ ಸಿಗುತ್ತದೆ. ಶೌಚದ ವೇಳೆ ಚೂರಿಯಿಂದ ಕೊಯ್ದಂಥ ನೋವಿದ್ದರೆ ಅದು ಹೆಚ್ಚಾಗಿ ಮೂಲವ್ಯಾಧಿಯಲ್ಲ, ಗುದದ ಬಿರುಕು, ಅಂದರೆ ಫಿಶರ್.

ಒಳಮೊಳೆಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸುತ್ತಾರೆ. ಮೊದಲನೆಯದರಲ್ಲಿ ಮೊಳೆ ಹೊರಬರುವುದಿಲ್ಲ. ಎರಡನೆಯದರಲ್ಲಿ ಹೊರಬಂದು ತಾನೇ ಒಳಹೋಗುತ್ತದೆ. ಮೂರನೆಯದರಲ್ಲಿ ಕೈಯಿಂದ ಒಳಕ್ಕೆ ತಳ್ಳಬೇಕು, ನಾಲ್ಕನೆಯದರಲ್ಲಿ ತಳ್ಳಿದರೂ ಹೋಗದು.

ಕಾರಣ ಮತ್ತು ತಡೆ

ಮಲಬದ್ಧತೆ ಮತ್ತು ಮುಕ್ಕುವುದು ಮುಖ್ಯ ಕಾರಣ. ಗರ್ಭಾವಸ್ಥೆ, ದೀರ್ಘಕಾಲದ ಭೇದಿ, ವಯಸ್ಸು, ಭಾರ ಎತ್ತುವ ಕೆಲಸ ಇವೂ ಸೇರುತ್ತವೆ. ಈಗ ಮೊಬೈಲ್ ಹಿಡಿದು ಶೌಚಾಲಯದಲ್ಲಿ ಅರ್ಧ ಗಂಟೆ ಕೂರುವ ಅಭ್ಯಾಸವೂ ಬಂದಿದೆ. ಹತ್ತು ನಿಮಿಷಕ್ಕಿಂತ ಹೆಚ್ಚು ಅಲ್ಲಿ ಕೂರಬೇಕಾಗಿಲ್ಲ.

ಕೋಳಿ ತಿಂದರೆ ಪೈಲ್ಸ್ ಬರುತ್ತದೆ ಎಂದು ನಮ್ಮ ಕಡೆ ಹೇಳುವುದುಂಟು. ತಪ್ಪು ಕೋಳಿಯದ್ದಲ್ಲ, ಬಟ್ಟಲಲ್ಲಿ ತರಕಾರಿ ಇಲ್ಲದಿರುವುದು. ಮೀನು, ಮಾಂಸ, ಮೊಟ್ಟೆಗಳಲ್ಲಿ ನಾರು ಇರುವುದೇ ಇಲ್ಲ. ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಯಲ್ಲೂ ತೀರ ಕಡಿಮೆ. ವಯಸ್ಕರಿಗೆ ದಿನಕ್ಕೆ ಸುಮಾರು 25ರಿಂದ 30 ಗ್ರಾಂ ನಾರು ಬೇಕು. ಮೀನು ಸಾರಿನ ಜೊತೆಗೆ ಒಂದು ಬಸಳೆ ಅಥವಾ ಹರಿವೆ ಪಲ್ಯ, ವಾರದಲ್ಲಿ ಕೆಲವು ದಿನ ಹುರುಳಿ, ಹೆಸರು, ಅಲಸಂಡೆ, ದಿನಕ್ಕೊಂದು ಪೇರಳೆಯೋ ಬಾಳೆಹಣ್ಣೋ ಇದ್ದರೆ ಬಹಳಷ್ಟು ಬದಲಾಗುತ್ತದೆ. ನಾರನ್ನು ನಿಧಾನವಾಗಿ ಹೆಚ್ಚಿಸಿ, ನೀರನ್ನೂ ಸಾಕಷ್ಟು ಕುಡಿಯಿರಿ. ಹೃದಯ, ಮೂತ್ರಪಿಂಡದ ತೊಂದರೆ ಇರುವವರು ನೀರಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಬೇಕು. ಕಬ್ಬಿಣಾಂಶದ ಮಾತ್ರೆಗಳಿಂದಲೂ ಮಲ ಗಟ್ಟಿಯಾಗಬಹುದು. ಹಾಗೆಂದು ತಾವಾಗಿ ನಿಲ್ಲಿಸಬಾರದು.

ಆಯುರ್ವೇದ

ಆಯುರ್ವೇದದಲ್ಲಿ ಇದಕ್ಕೆ ಅರ್ಶಸ್ ಎಂದು ಹೆಸರು. ಸುಶ್ರುತ ಸಂಹಿತೆ ಇದಕ್ಕೆ ನಾಲ್ಕು ಮಾರ್ಗ ಹೇಳುತ್ತದೆ: ಔಷಧ, ಕ್ಷಾರ, ಅಗ್ನಿ, ಶಸ್ತ್ರ. ಚರಕ ಸಂಹಿತೆಯಲ್ಲಿ ಮಜ್ಜಿಗೆಗೆ ದೊಡ್ಡ ಸ್ಥಾನವಿದೆ. ನಮ್ಮ ತೋಟಗಳಲ್ಲಿ ಬೆಳೆಯುವ ಸುವರ್ಣಗಡ್ಡೆಗೆ ಸಂಸ್ಕೃತದಲ್ಲಿ ಅರ್ಶೋಘ್ನ, ಅಂದರೆ ಮೂಲವ್ಯಾಧಿಯನ್ನು ನಾಶ ಮಾಡುವುದು ಎಂಬ ಹೆಸರೇ ಇದೆ. ಹುಣಸೆ ಹುಳಿ ಹಾಕಿ ಚೆನ್ನಾಗಿ ಬೇಯಿಸಿ ತಿಂದರೆ ಗಂಟಲು ತುರಿಸದು. ಇಸಬ್ಗೋಲ್, ತ್ರಿಫಲ ಚೂರ್ಣ ಮಲವನ್ನು ಸಡಿಲಗೊಳಿಸುತ್ತವೆ. ಗರ್ಭಿಣಿಯರು ಯಾವ ಚೂರ್ಣವನ್ನೂ ಕೇಳದೆ ತೆಗೆದುಕೊಳ್ಳಬಾರದು.

ಉತ್ತರಾಣಿ ಗಿಡದ ಕ್ಷಾರವನ್ನು ಮೊಳೆಗೆ ಹಚ್ಚುವ ಕ್ಷಾರಕರ್ಮವೂ, ಕಳ್ಳಿಯ ಹಾಲು, ಕ್ಷಾರ, ಅರಶಿನ ಲೇಪಿಸಿದ ದಾರದ ಕ್ಷಾರಸೂತ್ರವೂ ಇಂದಿಗೂ ಬಳಕೆಯಲ್ಲಿವೆ. ಕ್ಷಾರಸೂತ್ರ ಹೆಚ್ಚು ಹೆಸರಾಗಿರುವುದು ಫಿಸ್ಟುಲಾಕ್ಕೆ. ಇವನ್ನು ಶಲ್ಯತಂತ್ರ ಕಲಿತ ಆಯುರ್ವೇದ ವೈದ್ಯರೇ ಮಾಡಬೇಕು. "ಆಪರೇಷನ್ ಇಲ್ಲದೆ ಒಂದೇ ದಿನದಲ್ಲಿ ಗುಣ" ಎಂದು ಗೋಡೆಯ ಮೇಲೆ ಬರೆಸಿಕೊಂಡವರ ಬಳಿ ಹೋಗಬೇಡಿ. ಅರ್ಹತೆ ಇಲ್ಲದವರು ಕೊಡುವ ಇಂಜೆಕ್ಷನ್, ಹಚ್ಚುವ ಸುಡುವ ಮದ್ದಿನಿಂದ ಗುದದ್ವಾರವೇ ಕಿರಿದಾಗಬಹುದು, ಕೀವು ತುಂಬಬಹುದು.

ಆಸ್ಪತ್ರೆಯಲ್ಲಿ

ಮೊದಲ ಹಂತಗಳಲ್ಲಿ ಆಹಾರ ಬದಲಾವಣೆ ಮತ್ತು ದಿನಕ್ಕೆರಡು ಬಾರಿ 10-15 ನಿಮಿಷ ಉಗುರುಬೆಚ್ಚಗಿನ ನೀರಿನ ಬೇಸಿನ್‌ನಲ್ಲಿ ಕೂರುವುದರಿಂದಲೇ ಹಲವರಿಗೆ ಆರಾಮವಾಗುತ್ತದೆ. ಸ್ಟಿರಾಯ್ಡ್ ಇರುವ ಮುಲಾಮನ್ನು ಒಂದು ವಾರಕ್ಕಿಂತ ಹೆಚ್ಚು ಹಚ್ಚಬಾರದು, ಚರ್ಮ ತೆಳುವಾಗುತ್ತದೆ. ರಕ್ತ ನಿಲ್ಲದಿದ್ದರೆ ಮೊಳೆಯ ಬುಡಕ್ಕೆ ಚಿಕ್ಕ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಸಾಮಾನ್ಯವಾಗಿ ಅರಿವಳಿಕೆಯೂ ಬೇಡ, ಕೆಲವು ದಿನಗಳಲ್ಲಿ ಮೊಳೆ ಒಣಗಿ ಉದುರುತ್ತದೆ. ದೊಡ್ಡ ಮೊಳೆಗಳಿಗೆ ಶಸ್ತ್ರಚಿಕಿತ್ಸೆ. 1937ರಲ್ಲಿ ಮಿಲಿಗನ್ ಮತ್ತು ಮಾರ್ಗನ್ ವಿವರಿಸಿದ ವಿಧಾನ ಈಗಲೂ ನಡೆಯುತ್ತಿದೆ. ಸ್ಟೇಪ್ಲರ್, ಲೇಸರ್ ವಿಧಾನಗಳಲ್ಲಿ ನೋವು ಕಡಿಮೆ, ಆದರೆ ಮತ್ತೆ ಮರುಕಳಿಸುವ ಸಾಧ್ಯತೆಯನ್ನು ಮೊದಲೇ ಕೇಳಿಕೊಳ್ಳಿ.

ಅಂದ ಹಾಗೆ, ಈ ಕಾಯಿಲೆಗೂ ಒಬ್ಬ ಪಾಲಕ ಸಂತರಿದ್ದಾರೆ. 7ನೇ ಶತಮಾನದಲ್ಲಿ ಐರ್ಲೆಂಡಿನಿಂದ ಫ್ರಾನ್ಸಿಗೆ ಬಂದ ಸನ್ಯಾಸಿ ಸಂತ ಫಿಯಾಕ್ರರು, ತೋಟಗಾರರ ಪಾಲಕರೂ ಹೌದು. ಮಧ್ಯಯುಗದಲ್ಲಿ ಮೂಲವ್ಯಾಧಿಯನ್ನು ಅವರ ಹೆಸರಿನಿಂದಲೇ ಕರೆಯುತ್ತಿದ್ದರು. ಅಂದಿನ ಜನ ನಮ್ಮಷ್ಟು ನಾಚಿಕೊಂಡಿರಲಿಲ್ಲವೆಂದು ಕಾಣುತ್ತದೆ.

ಯಾವಾಗ ತಡಮಾಡಬಾರದು?

ರಕ್ತ ಮಲದೊಂದಿಗೆ ಬೆರೆತಿದ್ದರೆ, ಮಲ ಡಾಂಬರಿನಂತೆ ಕಪ್ಪಾಗಿದ್ದರೆ, ಶೌಚದ ಕ್ರಮ ಹಲವು ವಾರ ಬದಲಾಗಿದ್ದರೆ, ತೂಕ ಇಳಿದರೆ, ಸುಸ್ತು, ರಕ್ತಹೀನತೆ ಇದ್ದರೆ, ಕುಟುಂಬದಲ್ಲಿ ಕರುಳಿನ ಕ್ಯಾನ್ಸರ್ ಬಂದಿದ್ದರೆ ತಕ್ಷಣ ತೋರಿಸಿ. 45 ದಾಟಿದವರಿಗೆ ಹೊಸದಾಗಿ ರಕ್ತ ಕಾಣಿಸಿದರೆ ಹಳೆಯ ಪೈಲ್ಸ್ ಎಂದು ಬಿಡದೆ ಕೊಲೊನೊಸ್ಕೋಪಿ ಬೇಕೇ ಎಂದು ಕೇಳಿ. ಗಲ್ಫ್‌ನಲ್ಲಿ ದುಡಿಯುವವರು ರಜೆಯಲ್ಲಿ ಊರಿಗೆ ಬರುವವರೆಗೆ ಕಾಯುವುದು ಬೇಡ, ಅಲ್ಲೇ ತೋರಿಸಿ. ಬೆರಳು ಮತ್ತು ಚಿಕ್ಕ ಪ್ರಾಕ್ಟೋಸ್ಕೋಪ್‌ನಿಂದ ಮಾಡುವ ಪರೀಕ್ಷೆ ಕೆಲವೇ ನಿಮಿಷಗಳದ್ದು. ಸ್ತ್ರೀಯರು ಮಹಿಳಾ ವೈದ್ಯರನ್ನು ಅಥವಾ ನರ್ಸ್ ಜೊತೆಗಿರುವಂತೆ ಕೇಳಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಚೀಟಿಯನ್ನು ತಪ್ಪದೆ ಕೊಂಡೊಯ್ಯಿರಿ.