ನದಿಯ ಎರಡು ದಡ, ಒಂದೇ ಸೂತಕ: ಎಲ್ ಪಾಸೋ ಧರ್ಮಪ್ರಾಂತದಲ್ಲಿ ವಲಸಿಗರ ಸೇವೆ ಮತ್ತು ಶೋಕ

2019ರ ಆಗಸ್ಟ್ 3, ಶನಿವಾರ. ಟೆಕ್ಸಾಸ್‌ನ ಗಡಿ ನಗರ ಎಲ್ ಪಾಸೋದ ವಾಲ್‌ಮಾರ್ಟ್ ಅಂಗಡಿಯಲ್ಲಿ ನಡೆದ ಗುಂಡಿನ ದಾಳಿಗೆ 23 ಮಂದಿ ಬಲಿಯಾದರು. ಅವರಲ್ಲಿ ಮೆಕ್ಸಿಕೋದ ಪ್ರಜೆಗಳೂ ಇದ್ದರು. ಕೊಂದವನು ಡಾಲಸ್ ಸಮೀಪದ ಆಲನ್‌ನಿಂದ ಸುಮಾರು ಸಾವಿರ ಕಿಲೋಮೀಟರ್ ಕಾರು ಓಡಿಸಿಕೊಂಡು ಬಂದಿದ್ದ. ಅಂತರ್ಜಾಲದಲ್ಲಿ ಅವನು ಹಾಕಿದ್ದ ಬರಹ, ಹಿಸ್ಪಾನಿಕ್ ಜನ ಟೆಕ್ಸಾಸನ್ನು ಆಕ್ರಮಿಸುತ್ತಿದ್ದಾರೆ ಎಂದು ದೂರಿತ್ತು.

ಈ ಸಾವುಗಳು ಅಲ್ಲಿನ ಕಥೋಲಿಕ ಧರ್ಮಪ್ರಾಂತದ ಮುಂದೆ ವಲಸಿಗರ ಸೇವೆ ಮತ್ತು ಶೋಕ ಎರಡನ್ನೂ ಒಟ್ಟಿಗೆ ತಂದಿಟ್ಟವು. ಕಥೋಲಿಕ ಧರ್ಮಸಭೆಯ ದಾಖಲೆಗಳಲ್ಲಿ ವಲಸಿಗರ ಸೇವೆಗೆ ತನ್ನದೇ ಪರಂಪರೆಯಿದೆ. ಹನ್ನೆರಡನೆಯ ಪಿಯುಸ್ 1952ರಲ್ಲಿ ಹೊರಡಿಸಿದ 'ಎಕ್ಸುಲ್ ಫಮೀಲಿಯಾ' ಅದರ ಅಡಿಪಾಯ. ಅಮೆರಿಕ ಮತ್ತು ಮೆಕ್ಸಿಕೋದ ಧರ್ಮಾಧ್ಯಕ್ಷರು 2003ರಲ್ಲಿ ಕೂಡಿ ಬರೆದ ಪತ್ರ, ಹುಟ್ಟಿದ ನೆಲದಲ್ಲೇ ಬದುಕು ಕಟ್ಟಿಕೊಳ್ಳುವ ಹಕ್ಕು, ಅದು ಸಾಧ್ಯವಾಗದಿದ್ದರೆ ವಲಸೆ ಹೋಗುವ ಹಕ್ಕು, ಎರಡನ್ನೂ ಎತ್ತಿಹಿಡಿಯಿತು. ಸತ್ತವರ ಮನೆಯವರನ್ನು ಸಂತೈಸುವುದು ಮಾತ್ರ ಬೇರೆಯೇ ಕಾರ್ಯವೆಂದು ಎಣಿಸುವುದು ರೂಢಿ. ಎಲ್ ಪಾಸೋದಲ್ಲಿ ಈ ವಿಂಗಡಣೆ ನಿಲ್ಲುವುದಿಲ್ಲ ಎಂಬುದು ಈ ಲೇಖನದ ವಾದ.

ದಾಳಿ ನಡೆದ 2019ರ ಅಕ್ಟೋಬರ್ 13ರಂದು ಎಲ್ ಪಾಸೋದ ಧರ್ಮಾಧ್ಯಕ್ಷ ಮಾರ್ಕ್ ಸೈಟ್ಜ್ ಹೊರಡಿಸಿದ ಪಾಲನಾ ಪತ್ರವೇ ಇದಕ್ಕೆ ಮುಖ್ಯ ಆಧಾರ. 'ಇನ್ನು ರಾತ್ರಿಯಿಲ್ಲ' ಎಂಬರ್ಥದ ಅದರ ಶೀರ್ಷಿಕೆ ಪ್ರಕಟನೆ ಗ್ರಂಥದ ಕೊನೆಯ ಅಧ್ಯಾಯದ್ದು. ಸಾಂತ್ವನ ಹೇಳಿ ಮುಗಿಸಬಹುದಾಗಿದ್ದ ಪತ್ರದಲ್ಲಿ ಅವರು ಬಿಳಿಯರ ಶ್ರೇಷ್ಠತೆಯ ನಂಬಿಕೆಯನ್ನು ಹೆಸರಿಟ್ಟು ಖಂಡಿಸಿದರು. ಸೈಟ್ಜ್ 2013ರಲ್ಲಿ ಎಲ್ ಪಾಸೋಗೆ ಬರುವ ಮುನ್ನ ಡಾಲಸ್‌ನ ಸಹಾಯಕ ಧರ್ಮಾಧ್ಯಕ್ಷರಾಗಿದ್ದವರು. ಕೊಲೆಗಾರ ಹೊರಟದ್ದು ಅವರು ಹಿಂದೆ ಸೇವೆ ಮಾಡಿದ ಸೀಮೆಯಿಂದಲೇ. ಪತ್ರವನ್ನು ಓದುವಾಗ ಇದನ್ನು ಮರೆಯಲು ನನಗಂತೂ ಆಗಿಲ್ಲ.

ಪತ್ರದಲ್ಲಿ ಗ್ವಾದಲೂಪೆಯ ಮಾತೆಗೆ, ಅಂದರೆ ಮೆಕ್ಸಿಕೋದಲ್ಲಿ ದರ್ಶನ ಕೊಟ್ಟಳೆಂದು ನಂಬಲಾಗುವ ಮಾತೆ ಮರಿಯಳಿಗೆ, ದೊಡ್ಡ ಸ್ಥಾನವಿದೆ. 1531ರ ಆ ದರ್ಶನದ ಕಥೆಯಲ್ಲಿ, ಸಾಯುವ ಸ್ಥಿತಿಯಲ್ಲಿದ್ದ ಚಿಕ್ಕಪ್ಪನಿಗಾಗಿ ಗುರುಗಳನ್ನು ಕರೆತರಲು ಹೊರಟ ಮೂಲನಿವಾಸಿ ಹುವಾನ್ ದಿಯೇಗೋ ಮಾತೆಯ ಕಣ್ಣು ತಪ್ಪಿಸಿ ಬೇರೆ ದಾರಿ ಹಿಡಿಯುತ್ತಾನೆ. ಆ ದಾರಿಗೇ ಇಳಿದು ಬಂದು ಅವಳು ಎದುರಾಗುತ್ತಾಳೆ. ಸಾವಿನ ಭಯ, ದಾರಿಯ ದಣಿವು, ಮೂಲನಿವಾಸಿಯ ಅವಮಾನ ಮೂರೂ ಅಲ್ಲಿ ಒಬ್ಬನ ಮೈಮೇಲೇ ಇವೆ. ಗಡಿಯ ಜನ ಇವಳನ್ನೇ ಏಕೆ ಹಿಡಿದುಕೊಂಡಿದ್ದಾರೆ ಎಂಬುದಕ್ಕೆ ಬೇರೆ ವಿವರಣೆ ಬೇಕೆನಿಸುವುದಿಲ್ಲ.

ಆಚರಣೆಯಲ್ಲಿ ವಲಸಿಗರ ಸೇವೆಯೆಂದರೆ ಅನ್ನದ ಕೆಲಸ, ಹಾಸಿಗೆಯ ಕೆಲಸ. ರೂಬೆನ್ ಗಾರ್ಸಿಯಾ ಮತ್ತು ಗೆಳೆಯರು 1978ರಲ್ಲಿ ಎಲ್ ಪಾಸೋದಲ್ಲಿ ಆರಂಭಿಸಿದ ವಲಸಿಗರ ಆಶ್ರಯತಾಣ 'ಅನನ್ಸಿಯೇಶನ್ ಹೌಸ್' ಸ್ವಯಂಸೇವಕರಿಂದಲೇ ನಡೆಯುತ್ತಿದೆ. ಸಾವಾದ ಮನೆಯಲ್ಲಿ ಒಲೆ ಹೊತ್ತದಿದ್ದಾಗ ನೆರೆಯವರು ಅಡುಗೆ ಹೊತ್ತು ತರುವುದನ್ನು ಕಂಡ ನಮಗೆ ಇದರ ಅರ್ಥ ತಿಳಿಯದ್ದಲ್ಲ. 2024ರಲ್ಲಿ ಟೆಕ್ಸಾಸ್‌ನ ಅಟಾರ್ನಿ ಜನರಲ್ ಈ ಸಂಸ್ಥೆಯನ್ನು ಮುಚ್ಚಿಸಲು ಕೋರ್ಟಿಗೆ ಹೋದರು. ಕೆಳ ನ್ಯಾಯಾಲಯ ಸಂಸ್ಥೆಯ ಪರ ನಿಂತಿತು. 2025ರ ಮೇ ತಿಂಗಳಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಮೊಕದ್ದಮೆ ಮುಂದುವರಿಯಬಹುದೆಂದಿತು. ಉಣಬಡಿಸುವುದನ್ನು ಅಪರಾಧವಾಗಿಸುವ ಈ ಯತ್ನ ನನಗೆ ತೀರ ನೋವಿನ ಸಂಗತಿ.

ಸೇವೆ ಮತ್ತು ಶೋಕದ ಈ ಬೆಸುಗೆ ಎಲ್ ಪಾಸೋಗೆ ಮಾತ್ರ ಸೇರಿದ್ದಲ್ಲ. ಪಶ್ಚಿಮಕ್ಕೆ ಅರಿಜೋನಾದ ನೊಗಾಲೆಸ್‌ನಲ್ಲಿ 2014ರ ಏಪ್ರಿಲ್ 1ರಂದು, ಮರುಭೂಮಿಯಲ್ಲಿ ಸತ್ತ ವಲಸಿಗರಿಗಾಗಿ ಗಡಿಬೇಲಿಯ ಪಕ್ಕದಲ್ಲೇ ಪೂಜೆ ನಡೆಯಿತು. ಕಾರ್ಡಿನಲ್ ಶಾನ್ ಓಮ್ಯಾಲಿ ಉಕ್ಕಿನ ಕಂಬಗಳ ಸಂದಿಯಲ್ಲಿ ಪರಮಪ್ರಸಾದ ನೀಡುತ್ತಿರುವ ಚಿತ್ರಗಳಿವೆ. ಆಚೆ ಇರುವವರ ಮುಖ ಕಂಬಗಳ ಹಿಂದೆ ಮರೆ. ಚಾಚಿದ ಕೈ ಮಾತ್ರ ಈಚೆಗೆ ಬಂದಿದೆ. ಸತ್ತವರಿಗಾಗಿ ಸಲ್ಲಿಸಿದ ಪೂಜೆಯಲ್ಲಿ ಪ್ರಸಾದ ಪಡೆದದ್ದು ಬದುಕಿರುವ ವಲಸಿಗರ ನಾಡಿನ ಆ ಕೈ.

ಇಲ್ಲೊಂದು ತೊಡಕಿದೆ. ಎಲ್ ಪಾಸೋದಲ್ಲಿ ಸತ್ತವರಿಗೆ ಅಳುವ ಊರಿತ್ತು. ಆದರೆ 2023ರ ಮಾರ್ಚ್ 27ರ ರಾತ್ರಿ ಗಡಿ ನದಿಯಾಚೆಯ ಮೆಕ್ಸಿಕೋದ ಸಿಯುದಾದ್ ಹುವಾರೆಸ್‌ನ ವಲಸಿಗರ ಬಂಧನ ಕೇಂದ್ರದಲ್ಲಿ ಬೆಂಕಿ ಬಿದ್ದು 40 ಮಂದಿ ಸತ್ತಾಗ, ಅವರ ಹೆತ್ತವರು, ಮಡದಿಯರು ಗ್ವಾಟೆಮಾಲಾ, ಹೊಂಡುರಾಸ್, ವೆನೆಜುವೆಲಾದಂಥ ದೂರದ ನಾಡುಗಳಲ್ಲಿದ್ದರು. ಕೇಂದ್ರದ ಹೊರಗೆ ಹೂವಿಟ್ಟು ಮೇಣದಬತ್ತಿ ಹಚ್ಚಿ ರಾತ್ರಿ ಕುಳಿತವರಲ್ಲಿ ಅನೇಕರು ತಾವೂ ನದಿ ದಾಟಲು ಕಾಯುತ್ತಿದ್ದ ವಲಸಿಗರೇ.