ಮುಚ್ಚಿದ ಲೀಗ್: ಬಡ್ತಿ ಹಣಕ್ಕೋ, ಆಟಕ್ಕೋ?

ಹಿಂಬಡ್ತಿಯ ಭಯವಿಲ್ಲದೆ ಆಯ್ದ ಶ್ರೀಮಂತ ಕ್ಲಬ್‌ಗಳು ಆಡುವ ಪಂದ್ಯಾವಳಿಯನ್ನು ಮುಚ್ಚಿದ ಲೀಗ್ ಎನ್ನುತ್ತಾರೆ. 2021ರ ಏಪ್ರಿಲ್‌ನಲ್ಲಿ 12 ಯುರೋಪಿಯನ್ ಕ್ಲಬ್‌ಗಳು ಘೋಷಿಸಿದ ಸೂಪರ್ ಲೀಗ್, ಅಭಿಮಾನಿಗಳ ಪ್ರತಿಭಟನೆಯ ನಡುವೆ ಕೆಲವೇ ದಿನಗಳಲ್ಲಿ ಕುಸಿಯಿತು.

ಭಾರತದಲ್ಲಿ 2014ರಲ್ಲಿ ಆರಂಭವಾದ ಐಎಸ್‌ಎಲ್‌ನಲ್ಲೂ ಬಡ್ತಿ, ಹಿಂಬಡ್ತಿ ಇರಲಿಲ್ಲ. ಐ-ಲೀಗ್ ಅನ್ನು ಎರಡು ಬಾರಿ ಗೆದ್ದಿದ್ದ ಬೆಂಗಳೂರು ಎಫ್‌ಸಿ, 2017ರಲ್ಲಿ ಬಿಡ್ ಮೂಲಕ ಅದನ್ನು ಸೇರಿ 2018-19ರಲ್ಲಿ ಚಾಂಪಿಯನ್ ಆಯಿತು. ಕಂಠೀರವ ಕ್ರೀಡಾಂಗಣದ ಅಭಿಮಾನಿಗಳಿಗೆ ಇದು ಸಂಭ್ರಮ. ಆದರೆ 2016-17ರ ಐ-ಲೀಗ್ ಚಾಂಪಿಯನ್, ಮಿಜೋರಾಂನ ಐಜಾಲ್ ಎಫ್‌ಸಿ ಹೊರಗೇ ಉಳಿಯಿತು. ಗೆಲುವಿನಿಂದಲೇ ಬಡ್ತಿ ಎಂಬ ಬೇಡಿಕೆ ಈಡೇರಿದ್ದು 2023ರಲ್ಲಿ: ಆ ವರ್ಷದ ಐ-ಲೀಗ್ ವಿಜೇತ ಪಂಜಾಬ್ ತಂಡ ಐಎಸ್‌ಎಲ್ ಪ್ರವೇಶಿಸಿತು.